ಮುಂಗಡ ಪತ್ರವೂ ನಮ್ಮ ಬಟವಾಡೆಯೂ



ಹೋಳಿ ಹುಣ್ಣಿಮೆಗೆ ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ರಾಜ್ಯದ ಮುಂಗಡ ಪತ್ರ ಮಂಡನೆಯಾಗುವುದುಂಟು. ಮರುದಿನ ಸಂಘಕ್ಕೆ ಹಾಲು ಹಾಕಲು ಬಂದವರೆಲ್ಲರದೂ ಒಂದೇ ಪ್ರಶ್ನೆ: "ನಮಗೇನು ಬಂತು?"

ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ಸರ್ಕಾರಕ್ಕೆ ಬರಬಹುದಾದ ಹಣ ಮತ್ತು ಮಾಡಬೇಕೆಂದಿರುವ ಖರ್ಚಿನ ಅಂದಾಜೇ ಮುಂಗಡ ಪತ್ರ. 2025ರ ಮಾರ್ಚ್ 7ರಂದು ಮಂಡನೆಯಾದ ಪತ್ರದ ಗಾತ್ರ 4 ಲಕ್ಷ 9 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅಷ್ಟು ದೊಡ್ಡ ಅಂಕಿ ನಮ್ಮ ಕೈಗೆ ನಿಲುಕದು. ನಮ್ಮ ಬಟವಾಡೆಯಿಂದಲೇ ಲೆಕ್ಕ ಶುರುಮಾಡೋಣ.

ಹಾಲಿನ ಹಣ ನಮಗೆ ಎರಡು ದಾರಿಯಲ್ಲಿ ಬರುತ್ತದೆ. ಖರೀದಿ ದರ ಒಕ್ಕೂಟದಿಂದ ಸಂಘದ ಮೂಲಕ ಬರುವುದು. ಅದು ಹಾಲು ಮಾರಿದ ಹಣ. ಪ್ರೋತ್ಸಾಹಧನ ಮಾತ್ರ ಸರ್ಕಾರದ ಖಜಾನೆಯದು. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. ಸಂಘಕ್ಕೆ ಹಾಕಿದ ಹಾಲಿಗಷ್ಟೇ ಇದು ಸಿಗುತ್ತದೆ. ಹೋಟೆಲಿಗೆ ಕೊಟ್ಟ ಹಾಲಿಗೆ ಇಲ್ಲ.

ದಿನಕ್ಕೆ 8 ಲೀಟರ್ ಹಾಕುವ ಮನೆಗೆ 5 ರೂಪಾಯಿಯಂತೆ ತಿಂಗಳಿಗೆ 1,200 ರೂಪಾಯಿ. ಆದರೆ ಈ ಹಣ ಬಟವಾಡೆಯ ಜೊತೆಗೇ ಬರುವುದಿಲ್ಲ. ವಿಧಾನಮಂಡಲ ಒಪ್ಪಿದ ಮೇಲೂ ಆರ್ಥಿಕ ಇಲಾಖೆ ಕಂತು ಕಂತಾಗಿ ಬಿಡುಗಡೆ ಮಾಡಬೇಕು, ಅದು ನಮ್ಮ ಬ್ಯಾಂಕ್ ಖಾತೆಗೆ ಜಮೆಯಾಗಬೇಕು. ಮೂರು ತಿಂಗಳು ತಡವಾದರೆ 3,600 ರೂಪಾಯಿ ಬಾಕಿ. ಬಂದೇ ಬರುತ್ತದಲ್ಲ ಎಂದು ಅಷ್ಟನ್ನೇ ನೂರಕ್ಕೆ 3 ರೂಪಾಯಿ ಬಡ್ಡಿಗೆ ತಂದು ಹಿಂಡಿ, ಬೂಸಾ ಕೊಂಡರೆ ತಿಂಗಳಿಗೆ 108 ರೂಪಾಯಿ ಬಡ್ಡಿ. ಎಂದರೆ ಸುಮಾರು ಮೂರು ದಿನದ ಪ್ರೋತ್ಸಾಹಧನ ಬಡ್ಡಿಯವನಿಗೇ ಹೋಯಿತು! ಮೇವಿನ ಖರ್ಚನ್ನು ಬಟವಾಡೆಯಲ್ಲೇ ಹೊಂದಿಸಿಕೊಂಡು, ಪ್ರೋತ್ಸಾಹಧನವನ್ನು ಬಂದಾಗಲೇ ಲೆಕ್ಕಕ್ಕೆ ಹಿಡಿಯುವುದು ಲೇಸು.

ಘೋಷಣೆಗೂ ಜಾರಿಗೂ ನಡುವಿನ ಅಂತರ ಕುರುಗೋಡಿನವರಿಗೆ ಹೊಸದಲ್ಲ. 2017ರ ಮಾರ್ಚ್‌ನ ಮುಂಗಡ ಪತ್ರದಲ್ಲಿ 49 ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ಊರ ಹೆಸರೂ ಬಂತು. ತಾಲ್ಲೂಕು ಜಾರಿಗೆ ಬಂದದ್ದು 2018ರಲ್ಲಿ.

ಸಾಲದ ಮಾತೂ ಹೀಗೆಯೇ. 2023ರ ಜುಲೈ 7ರ ಮುಂಗಡ ಪತ್ರದಲ್ಲಿ ಸಹಕಾರ ಸಂಘಗಳ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಮಿತಿ ಏರಿತೆಂದರೆ ಎಲ್ಲರಿಗೂ 5 ಲಕ್ಷ ಸಿಗುವುದೆಂದಲ್ಲ. ಬಡ್ಡಿಯನ್ನು ಸರ್ಕಾರ ಭರಿಸುವುದು ಗಡುವಿನೊಳಗೆ ಕಟ್ಟಿದವರ ಪರವಾಗಿ ಮಾತ್ರ.

ಇನ್ನು, ನಮ್ಮ ಖರ್ಚು ಏರಿಸುವುದೆಲ್ಲ ಮುಂಗಡ ಪತ್ರದಲ್ಲೇ ಇರುತ್ತದೆಂದು ತಿಳಿಯಬೇಡಿ. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ. 14.34ರಿಂದ 18.44ಕ್ಕೆ, 2025ರ ಏಪ್ರಿಲ್ 1ರಿಂದ 21.17ಕ್ಕೆ ಏರಿತು. ಎರಡೂ ಸಲ ಏರಿದ್ದು ಆದೇಶದ ಮೂಲಕ. ಹಾಲಿನ ಗಾಡಿಗೂ ಉಳುಮೆಯ ಟ್ರ್ಯಾಕ್ಟರಿಗೂ ಅದರ ಬಿಸಿ ತಟ್ಟುತ್ತದೆ. ಅದೇ ಏಪ್ರಿಲ್ 1ರಂದು ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದ್ದೂ ಮುಂಗಡ ಪತ್ರದಿಂದಲ್ಲ, ಸಚಿವ ಸಂಪುಟದ ತೀರ್ಮಾನದಿಂದ. ತುಪ್ಪ, ಬೆಣ್ಣೆಯ ತೆರಿಗೆ 2017ರಿಂದ ಜಿಎಸ್‌ಟಿ ಮಂಡಳಿಯ ಕೈಯಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 12ರಿಂದ 5ಕ್ಕೆ ಇಳಿಯಿತು.

ಪ್ರೋತ್ಸಾಹಧನ ಅಕ್ಕಪಕ್ಕದವರಿಗೆ ಬಂದು ನಿಮಗೆ ಮಾತ್ರ ಬಂದಿಲ್ಲವಾದರೆ ತಡ ಬೆಂಗಳೂರಿನದಲ್ಲ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಸಂಘದ ಪುಸ್ತಕದಲ್ಲಿರುವ ಹೆಸರೂ ಬ್ಯಾಂಕಿನಲ್ಲಿರುವ ಹೆಸರೂ ಒಂದೇ ಇವೆಯೇ ಎಂದು ಕಾರ್ಯದರ್ಶಿಯವರ ಬಳಿ ಕುಳಿತು ನೋಡಿಸಿರಿ.