ಕುದುರೆಯ ಪಟ್ಟಿಯಿಂದ ಯೋಧನ ಎದೆಗೆ: ರೋಮನರ ಫಲೆರೆ

ಕುದುರೆಯ ತಲೆ, ಎದೆ ಮತ್ತು ಪಕ್ಕೆಗಳಲ್ಲಿ ಚರ್ಮದ ಪಟ್ಟಿಗಳು ಒಂದನ್ನೊಂದು ಸಂಧಿಸುವ ಸ್ಥಾನಗಳುಂಟು. ಈ ಸಂಧಿಗಳು ಸಡಿಲವಾದರೆ ಸವಾರನ ಹಿಡಿತವೇ ತಪ್ಪಿಹೋಗುತ್ತದೆ. ಪ್ರಾಚೀನ ರೋಮನ್ ಅಶ್ವದಳದಲ್ಲಿ ಇಂಥ ಸ್ಥಾನಗಳಿಗೆ ದುಂಡನೆಯ ಲೋಹದ ಬಿಲ್ಲೆಗಳನ್ನು ಬಳಸುತ್ತಿದ್ದರು. ಬಿಲ್ಲೆಯ ಹಿಂಬದಿಯ ಕುಣಿಕೆಗಳೊಳಗೆ ಪಟ್ಟಿಗಳನ್ನು ತೂರಿಸಿದರೆ ಸಂಧಿ ಭದ್ರವಾಗುತ್ತಿತ್ತು. ಮುಂಬದಿ ಬಿಸಿಲಿಗೆ ಹೊಳೆಯುತ್ತಿತ್ತು. ಗ್ರೀಕರು ‘ಫಾಲರ’ ಎಂದುದನ್ನು ರೋಮನರು ‘ಫಲೆರೆ’ ಎಂದು ಕರೆದರು. ಕಚೇರಿಯ ಜವಾನರ ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆಯನ್ನು ಕಂಡವರಿಗೆ ಇದರ ರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುದುರೆಯ ಈ ಒಡವೆ ಶೌರ್ಯದ ಪಾರಿತೋಷಕವೂ ಆಯಿತು. ಕ್ರಿ. ಪೂ. 2ನೆಯ ಶತಮಾನದ ಇತಿಹಾಸಕಾರ ಪಾಲಿಬಿಯಸನು ರೋಮನ್ ಸೈನ್ಯದ ಪದ್ಧತಿಯನ್ನು ವಿವರಿಸುತ್ತ, ಶತ್ರುವನ್ನು ಕೆಡವಿ ಅವನ ಆಯುಧಗಳನ್ನು ಕಸಿದುಕೊಂಡ ಕಾಲಾಳಿಗೆ ಬಟ್ಟಲನ್ನೂ ಸವಾರನಿಗೆ ಕುದುರೆಯ ಬಿಲ್ಲೆಗಳನ್ನೂ ಕೊಡುತ್ತಿದ್ದರೆಂದು ತಿಳಿಸುತ್ತಾನೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮಹಾಯುದ್ಧದಲ್ಲಿ ಅನಿವಾರ್ಯವಾಗಿ ಹೋರಾಡಿದವನಿಗಲ್ಲ, ಸಣ್ಣ ಕಾಳಗಗಳಲ್ಲಿ ಯಾವ ಒತ್ತಾಯವೂ ಇಲ್ಲದೆ ತಾನಾಗಿ ಅಪಾಯಕ್ಕೆ ಎದೆಯೊಡ್ಡಿದವನಿಗೆ ಮಾತ್ರ ಈ ಗೌರವ ಸಲ್ಲುತ್ತಿತ್ತು. ಆಜ್ಞೆಯಂತೆ ನಡೆಯುವುದು ಕರ್ತವ್ಯ, ಅದಕ್ಕೆ ಸಂಬಳವುಂಟು ಎಂಬ ಎಣಿಕೆ ಇದರ ಹಿಂದೆ ಇದ್ದಿರಬೇಕು.

ಮುಂದೆ ಕಾಲಾಳುಗಳೂ ಈ ಬಿಲ್ಲೆಗಳನ್ನು ಪಡೆದರು. ಅಡ್ಡ-ಉದ್ದ ಹೆಣೆದ ಪಟ್ಟಿಗಳ ಮೇಲೆ ಅವುಗಳನ್ನು ಜೋಡಿಸಿ ಕವಚದ ಮೇಲೆ ಧರಿಸುತ್ತಿದ್ದರು. 1858ರಲ್ಲಿ ಜರ್ಮನಿಯ ಮೋರ್ಸ್ ಪಟ್ಟಣದ ಸಮೀಪದ ಲಾವರ್ಸ್‌ಫೋರ್ಟ್‌ನಲ್ಲಿ ಇಂಥ ಬೆಳ್ಳಿಯ ಬಿಲ್ಲೆಗಳ ಒಂದು ಕಟ್ಟು ದೊರೆಯಿತು. ತೆಳುವಾದ ಬೆಳ್ಳಿಯ ತಗಡಿನಲ್ಲಿ ಮೆಡೂಸಾಳ ಮುಖ, ಸಿಂಹದ ಮುಖ ಮೊದಲಾದವು ಉಬ್ಬಿ ನಿಂತಿವೆ. ಹಿಂದೆ ತಾಮ್ರದ ತಗಡು. ಉಬ್ಬು ಕುಗ್ಗದಂತೆ ನಡುವೆ ರಾಳದ ತುಂಬುವಿಕೆ. ನೋಟಕ್ಕೆ ಗಟ್ಟಿ ಬೆಳ್ಳಿ, ವಾಸ್ತವವಾಗಿ ಅಲ್ಪ ಬೆಳ್ಳಿ. ಪಡೆದವನಿಗೆ ಆ ಲೆಕ್ಕ ಮುಖ್ಯವಾಗಿರಲಿಕ್ಕಿಲ್ಲ.

ಕುದುರೆಯ ಬಿಲ್ಲೆಗಳಲ್ಲಿ ಪ್ರಸಿದ್ಧವಾದವು ರೈನ್ ನದೀತೀರದ ಜ಼ಾಂಟೆನ್‌ನಲ್ಲಿ ದೊರೆತು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವುಗಳಲ್ಲೊಂದರ ಮೇಲೆ ಚುಕ್ಕಿಗಳಿಂದ ಕೊರೆದ ಅಕ್ಷರಗಳು ಅಶ್ವದಳಾಧಿಪತಿ ಪ್ಲಿನಿಯ ಹೆಸರನ್ನು ಹೇಳುತ್ತವೆ. ಈತ ಕ್ರಿ. ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಮಡಿದ ಹಿರಿಯ ಪ್ಲಿನಿಯೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಭಾವಿಸುತ್ತಾರೆ. ಭಾರತದ ಪಶ್ಚಿಮ ತೀರಕ್ಕೆ ಬರುತ್ತಿದ್ದ ರೋಮನ್ ಹಡಗುಗಳ ಮಾರ್ಗವನ್ನು ಬರೆದಿಟ್ಟವನೂ ಈತನೇ. ಸಿಕಿಯಸ್ ಡೆಂಟಾಟಸ್ ಎಂಬ ಪುರಾತನ ವೀರನಿಗೆ 25 ಫಲೆರೆಗಳೂ 83 ಕಂಠಹಾರಗಳೂ 160 ಕಡಗಗಳೂ ದೊರೆತಿದ್ದವೆಂದು ಈತ ದಾಖಲಿಸಿದ್ದಾನೆ. ಆ ವೀರನ ಮೈಮೇಲೆ 45 ಗಾಯಗಳಿದ್ದು, ಬೆನ್ನಿನ ಮೇಲೆ ಒಂದೂ ಇರಲಿಲ್ಲವಂತೆ. ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆ ಇದ್ದೀತು.

ಉತ್ಪ್ರೇಕ್ಷೆಯಿಲ್ಲದ ಸಾಕ್ಷ್ಯವೊಂದು ಜರ್ಮನಿಯ ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದು ಮಾರ್ಕಸ್ ಕೀಲಿಯಸ್ ಎಂಬ ಶತಾಧಿಪತಿಯ ಸ್ಮಾರಕಶಿಲೆ. ಕ್ರಿ. ಶ. 9ರಲ್ಲಿ ಸೇನಾನಿ ವಾರಸ್‌ನ ಮೂರು ಲೀಜನ್‌ಗಳು ಜರ್ಮನಿಯ ಕಾಡುಗಳಲ್ಲಿ ಸಂಪೂರ್ಣವಾಗಿ ನಾಶವಾದವು. 18ನೆಯ ಲೀಜನ್ನಿನ ಕೀಲಿಯಸ್ ಅಲ್ಲಿಯೇ ಮಡಿದ. ವಯಸ್ಸು ಐವತ್ಮೂರೂವರೆ. ಶಿಲ್ಪದಲ್ಲಿ ಅವನ ಎದೆಯ ತುಂಬ ಫಲೆರೆಗಳಿವೆ. ಭುಜಗಳ ಬಳಿ ಕಂಠಹಾರಗಳು, ಮುಂಗೈಗಳಲ್ಲಿ ಕಡಗಗಳು, ಕೈಯಲ್ಲಿ ಶತಾಧಿಪತಿಯ ದ್ರಾಕ್ಷಿಬಳ್ಳಿಯ ಕೋಲು. ತಲೆಯ ಮೇಲಿರುವ ಓಕ್ ಎಲೆಗಳ ಕಿರೀಟ ಯುದ್ಧದಲ್ಲಿ ಸಹನಾಗರಿಕನ ಪ್ರಾಣವನ್ನು ಉಳಿಸಿದವನಿಗೆ ಸಲ್ಲುವಂಥದು. ಎಡಬಲಗಳಲ್ಲಿ ಅವನು ದಾಸ್ಯದಿಂದ ಬಿಡಿಸಿದ ಇಬ್ಬರ ಮುಖಗಳಿವೆ.

ಕಲ್ಲನ್ನು ನಿಲ್ಲಿಸಿದವನು ತಮ್ಮನೋ ಅಣ್ಣನೋ ಆದ ಪೂಬ್ಲಿಯಸ್. ಅಸ್ಥಿಗಳನ್ನು ಇಲ್ಲಿ ಇರಿಸಲು ಅನುಮತಿಯುಂಟು ಎಂದು ಅವನು ಕೊರೆಸಿದ. ಯಾರ ಅಸ್ಥಿಗಳೆಂಬುದನ್ನು ಶಾಸನ ಬಿಡಿಸಿ ಹೇಳುವುದಿಲ್ಲ. ಬಿಡುಗಡೆ ಹೊಂದಿದ ದಾಸರವು ಎಂದು ಕೆಲವರು, ಎಂದಾದರೂ ದೊರೆತರೆ ಕೀಲಿಯಸ್‌ನವು ಎಂದು ಕೆಲವರು ಅರ್ಥೈಸುತ್ತಾರೆ. ಆರು ವರ್ಷಗಳ ತರುವಾಯ ಜರ್ಮಾನಿಕಸ್‌ನ ಸೈನ್ಯ ಆ ರಣಭೂಮಿಯನ್ನು ತಲುಪಿ, ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಮೂಳೆಗಳನ್ನು ಮಣ್ಣು ಮಾಡಿತು. ತಾನು ಹೂಳುತ್ತಿರುವುದು ಬಂಧುವನ್ನೋ ಅಪರಿಚಿತನನ್ನೋ ಎಂಬುದು ಯಾವ ಸೈನಿಕನಿಗೂ ತಿಳಿಯಲಿಲ್ಲವೆಂದು ಟ್ಯಾಸಿಟಸ್ ಬರೆದಿದ್ದಾನೆ.

ಕೀಲಿಯಸ್‌ನ ನಿಜವಾದ ಫಲೆರೆಗಳು ಈವರೆಗೆ ಗುರುತಿಗೆ ಸಿಕ್ಕಿಲ್ಲ. ಉಳಿದಿರುವುದು ಸೋದರನು ಕಲ್ಲಿನಲ್ಲಿ ಕೊರೆಸಿದವು ಮಾತ್ರ.