ಡೌಟು ಬೇರೆ, ಸಸ್ಪೆಕ್ಟು ಬೇರೆ

*ಪ್ರಶ್ನೆ: ನಮ್ಮ ಕಚೇರಿಯ ಸ್ಟೋರಿನಿಂದ ಸಾಮಾನು ಕಳುವಾಗಿತ್ತು. ವಾಚ್‌ಮನ್ ಮೇಲೆ ನನಗೆ ಅನುಮಾನವಿತ್ತು. ವರದಿಯಲ್ಲಿ ‘ಐ ಡೌಟ್ ದಟ್ ದಿ ವಾಚ್‌ಮನ್ ಟುಕ್ ಇಟ್’ ಎಂದು ಬರೆದೆ. ಸಾಹೇಬರು ಓದಿ, ‘ಹಾಗಾದರೆ ಅವನನ್ನು ಬಿಟ್ಟು ಉಳಿದವರನ್ನು ವಿಚಾರಿಸೋಣ’ ಎಂದರು. ಎಲ್ಲಿ ತಪ್ಪಾಯಿತು?*
— ಗುಮಾಸ್ತರು, ದಾವಣಗೆರೆ

ಸಾಹೇಬರು ಸರಿಯಾಗಿಯೇ ಓದಿಕೊಂಡಿದ್ದಾರೆ. ನೀವು ಬರೆದ ವಾಕ್ಯಕ್ಕೆ ‘ವಾಚ್‌ಮನ್ ತೆಗೆದಿರಲಾರ’ ಎಂದೇ ಅರ್ಥ.

ಕನ್ನಡದ ‘ಅನುಮಾನ’ ಎರಡೂ ಕಡೆಗೆ ವಾಲುತ್ತದೆ. ‘ಅವನು ಬರೋದು ಅನುಮಾನ’ ಅಂದರೆ ಬರಲಿಕ್ಕಿಲ್ಲ. ‘ಅವನೇ ಕದ್ದಿರಬೇಕು ಅಂತ ಅನುಮಾನ’ ಅಂದರೆ ಕದ್ದಿರುವ ಸಂಭವವೇ ಹೆಚ್ಚು. ಯಾವುದು ಎಂತು ಎಂಬುದನ್ನು ನಮಗೆ ಸಂದರ್ಭ ತಿಳಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳಿವೆ: ನಂಬಿಕೆ ಬಾರದಿದ್ದರೆ ಡೌಟ್, ಹೀಗೇ ಆಗಿರಬೇಕು ಎಂಬ ಶಂಕೆ ಇದ್ದರೆ ಸಸ್ಪೆಕ್ಟ್. ಹಾಗೆಂದು ನೀವು ನಾಚಿಕೊಳ್ಳಬೇಕಾಗಿಲ್ಲ. ಶೇಕ್ಸ್‌ಪಿಯರ್‌ನ ಕಾಲದಲ್ಲಿ ಡೌಟ್‌ಗೆ ಶಂಕಿಸು ಎಂಬ ಅರ್ಥವೂ ಇತ್ತು. ಸ್ಕಾಟ್ಲೆಂಡಿನವರ ಮಾತಿನಲ್ಲಿ ಅದು ಇನ್ನೂ ಉಳಿದಿದೆ. ಇಂದಿನ ಕಚೇರಿಯ ಇಂಗ್ಲಿಷಿನಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಆದರೆ ಡೌಟ್ ಹೊಡೆದು ಸಸ್ಪೆಕ್ಟ್ ಬರೆದರೆ ಮುಗಿಯಿತು ಎಂದುಕೊಳ್ಳಬೇಡಿ. ಒಬ್ಬನ ಅನ್ನದ ಪ್ರಶ್ನೆ ಇದು. ಸಸ್ಪೆಕ್ಟ್ ಎಂದು ಬರಹದಲ್ಲಿ ಇಟ್ಟರೆ ಅದು ಆರೋಪವಾಗಿ ನಿಲ್ಲುತ್ತದೆ. ಬೀಗದ ಕೈ ಅಂದು ಯಾರ ಹತ್ತಿರ ಇತ್ತು, ಬಾಗಿಲು ಎಷ್ಟು ಹೊತ್ತಿಗೆ ತೆರೆದಿತ್ತು, ಇಷ್ಟನ್ನು ಬರೆಯಿರಿ. ಶಂಕಿಸುವ ಕೆಲಸ ವಿಚಾರಣೆ ಮಾಡುವವರಿಗಿರಲಿ.

ಇದಕ್ಕೇ ಸೇರಿದ ಇನ್ನೊಂದು ಮಾತು. ತರಗತಿಯಲ್ಲಿ ‘ಸರ್, ಐ ಹ್ಯಾವ್ ಎ ಡೌಟ್’ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಓದಲು ಹೊರದೇಶಕ್ಕೆ ಹೋದ ಮಕ್ಕಳು ಅಲ್ಲಿಯೂ ಹಾಗೇ ಅಂದರೆ, ತಾನು ಹೇಳಿದ್ದನ್ನು ಈ ಹುಡುಗ ನಂಬುತ್ತಿಲ್ಲ ಎಂದು ಮೇಷ್ಟರು ತಿಳಿಯಬಹುದು. ಅಲ್ಲಿ ‘ಕ್ವೆಶ್ಚನ್’ ಎನ್ನಬೇಕು.

*ಪ್ರಶ್ನೆ: ಊರಿಗೆ ಹೋಗಿದ್ದಾಗ ನಮ್ಮ ಮನೆಯ ಬೀಗ ಒಡೆದು ಒಡವೆ ಒಯ್ದರು. ದೂರಿನಲ್ಲಿ ‘ರಾಬರಿ’ ಎಂದು ಬರೆದಿದ್ದೆ, ಠಾಣೆಯಲ್ಲಿ ತಿದ್ದಿಸಿದರು. ಏನು ವ್ಯತ್ಯಾಸ?*
— ನಿವೃತ್ತ ಶಿಕ್ಷಕಿ, ತುಮಕೂರು

ರಾಬರಿ ಆಗಬೇಕಾದರೆ ಎದುರಿಗೆ ಮನುಷ್ಯರಿರಬೇಕು, ಅವರ ಮೇಲೆ ಬಲಪ್ರಯೋಗವೋ ಬೆದರಿಕೆಯೋ ನಡೆದಿರಬೇಕು. ಖಾಲಿ ಮನೆಯಲ್ಲಿ ಹೆದರುವವರು ಯಾರು? ನಿಮ್ಮಲ್ಲಿ ಆದದ್ದು ಪೊಲೀಸರ ಮಾತಿನಲ್ಲಿ ಕನ್ನ ಕಳವು. ಇಂಗ್ಲಿಷಿನವರು ಬರ್ಗ್ಲರಿ ಎನ್ನುತ್ತಾರೆ. ರಾಬರಿಗೆ ನಮ್ಮಲ್ಲಿ ಸುಲಿಗೆ ಎಂಬ ಒಳ್ಳೆಯ ಪದವಿದೆ. ಐವರು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಸುಲಿಗೆ ಮಾಡಿದರೆ ಅದು ಡಕಾಯಿತಿ. 1860ರ ದಂಡ ಸಂಹಿತೆ ಹೀಗೆ ತಲೆ ಎಣಿಸಿ ಹೆಸರಿಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಡಕಾಯಿತಿ ಎಂಬ ಪದ ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದಿಂದಲೇ.

ವಾಕ್ಯ ಮಾಡುವಾಗ ಇನ್ನೊಂದು ನೆನಪಿಡಿ: ಸ್ಟೀಲ್ ಮಾಡುವುದು ವಸ್ತುವನ್ನು, ರಾಬ್ ಮಾಡುವುದು ಮನುಷ್ಯನನ್ನು ಅಥವಾ ಬ್ಯಾಂಕನ್ನು. ‘ದೇ ರಾಬ್ಡ್ ಮೈ ಚೈನ್’ ಎಂದರೆ ತಪ್ಪು.

*ಪ್ರಶ್ನೆ: ಅಜ್ಜಿಯ ಬಗ್ಗೆ ಪ್ರಬಂಧ ಬರೆಯುವಾಗ ‘ಥಿನ್’ ತೀರಾ ಸಪ್ಪೆ ಅನ್ನಿಸಿ, ಥೆಸಾರಸ್ ನೋಡಿ ‘ಸ್ಕ್ರಾನಿ’ ಎಂದು ಹಾಕಿದೆ. ಮೇಡಂ ಕೆಂಪು ಗೆರೆ ಎಳೆದರು. ಎರಡೂ ಸಮಾನಾರ್ಥಕ ಪದಗಳೇ ಅಲ್ಲವೇ?*
— ಪಿಯು ವಿದ್ಯಾರ್ಥಿನಿ, ಹಾಸನ

‘ನಮ್ಮಜ್ಜಿ ನರಪೇತಲಿ’ ಎಂದು ಕನ್ನಡದಲ್ಲಿ ಬರೆಯುತ್ತಿದ್ದಿರಾ? ಇಲ್ಲ ತಾನೇ? ತೆಳ್ಳಗೆ, ಸಪೂರ, ಸಣಕಲು, ಬಡಕಲು: ಇವುಗಳಲ್ಲಿ ಯಾವುದನ್ನು ಯಾರಿಗೆ ಹೇಳಬಹುದು, ಯಾವುದನ್ನು ಹೇಳಿದರೆ ಮನಸ್ಸು ನೋಯುತ್ತದೆ ಎಂಬುದನ್ನು ನಿಮಗೆ ಯಾರೂ ಪಾಠ ಮಾಡಿಲ್ಲ, ಆದರೂ ಚೆನ್ನಾಗಿ ಗೊತ್ತು. ಇಂಗ್ಲಿಷಿನಲ್ಲೂ ಇದೇ ಲೆಕ್ಕ. ಥಿನ್ ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಸ್ಲಿಮ್‌ನಲ್ಲಿ ಮೆಚ್ಚುಗೆ ಇದೆ. ಸ್ಲೆಂಡರ್‌ನಲ್ಲಿ ಮೆಚ್ಚುಗೆಯ ಜೊತೆ ಒಂದು ಬೆಡಗೂ ಇದೆ, ಹೂವಿನ ದಂಟಿಗೂ ಬೆರಳಿಗೂ ಅದು ಒಪ್ಪುತ್ತದೆ. ಲೀನ್ ಎಂದರೆ ಬೊಜ್ಜಿಲ್ಲದೆ ಗಟ್ಟಿಯಾದ ಮೈ, ಓಟಗಾರರದ್ದು. ಗಾಂಟ್ ಎಂದರೆ ಕಾಯಿಲೆ ಅಥವಾ ಹಸಿವು ಕೆನ್ನೆಯನ್ನು ಒಳಗೆಳೆದಿದೆ ಎಂದು. ಸ್ಕ್ರಾನಿ ಎಂದರೆ ಶುದ್ಧ ಬಡಕಲು, ಅಂಗಳದ ಕೋಳಿಗೂ ಹೇಳುವ ಮಾತು. ನಿಮ್ಮ ಅಜ್ಜಿ ಸಪೂರವಾಗಿದ್ದೂ ಗದ್ದೆಯಲ್ಲಿ ದಿನವಿಡೀ ದುಡಿಯುವ ಗಟ್ಟಿಗಿತ್ತಿ ಆಗಿದ್ದರೆ ವಾಯರಿ ಎಂಬ ಪದ ಸರಿಹೋಗುತ್ತಿತ್ತು. ನನ್ನನ್ನು ಕೇಳಿದರೆ, ಥಿನ್ ಎಂದೇ ಬರೆದು, ಕೈ ಎತ್ತಿದಾಗ ಬಳೆ ಮೊಣಕೈವರೆಗೆ ಜಾರುತ್ತಿತ್ತು ಎಂದು ಇನ್ನೊಂದು ವಾಕ್ಯ ಸೇರಿಸಿ ಎನ್ನುತ್ತೇನೆ.

ಥೆಸಾರಸ್‌ನ ತಪ್ಪೇನೂ ಇಲ್ಲ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1805ರಲ್ಲಿ ಸ್ವಂತ ಬಳಕೆಗೆಂದು ಮಾಡಿಟ್ಟುಕೊಂಡ ಪಟ್ಟಿಯೇ ಅದರ ಮೂಲ. 1852ರಲ್ಲಿ ಅದನ್ನು ಅಚ್ಚು ಹಾಕಿಸಿದಾಗ ಅವರಿಗೆ 73 ವರ್ಷ. ಪದ ಗೊತ್ತಿದೆ, ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ ಎನ್ನುವವರಿಗಾಗಿ ಅವರು ಅರ್ಥದ ಪ್ರಕಾರ ಪದಗಳನ್ನು ಗುಂಪು ಮಾಡಿದರು, ಅರ್ಥ ವಿವರಿಸಲಿಲ್ಲ. ತಮಗಿಂತ ಎಷ್ಟೋ ಶತಮಾನಗಳ ಹಿಂದೆ ಇದೇ ಬಗೆಯ ಕೆಲಸ ಮಾಡಿದ ಅಮರಕೋಶವನ್ನೂ ಪೀಠಿಕೆಯಲ್ಲಿ ಹೆಸರಿಸಿದ್ದಾರೆ. ಹಾಗಾಗಿ ಥೆಸಾರಸ್‌ನಲ್ಲಿ ಹೊಸ ಪದ ಸಿಕ್ಕರೆ ನೇರವಾಗಿ ಪ್ರಬಂಧಕ್ಕೆ ಇಳಿಸಬೇಡಿ. ಕಲಿಯುವವರಿಗಾಗಿ ಹಾರ್ನ್‌ಬಿ ಸಿದ್ಧಪಡಿಸಿದ ಆಕ್ಸ್‌ಫರ್ಡ್ ನಿಘಂಟಿನಂಥದ್ದನ್ನು ತೆರೆದು, ಅಲ್ಲಿ ಕೊಟ್ಟ ಉದಾಹರಣೆ ವಾಕ್ಯ ಓದಿ. ಆ ಪದ ಎಂಥ ಮಾತುಗಳ ಜೊತೆ ಓಡಾಡುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

*ಪ್ರಶ್ನೆ: ‘ವಿಲ್ ಆ್ಯಂಡ್ ಟೆಸ್ಟಮೆಂಟ್’ ಎಂದು ಒಂದೇ ಅರ್ಥಕ್ಕೆ ಎರಡು ಪದ ಏಕೆ?*
— ಕಿರಿಯ ವಕೀಲರು, ಬೆಳಗಾವಿ

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ದೊರೆಗಳ ಮಾತು ಫ್ರೆಂಚ್ ಆಯಿತು, ದಾಖಲೆಗೆ ಲ್ಯಾಟಿನ್, ರೈತನ ಮನೆಯಲ್ಲಿ ಇಂಗ್ಲಿಷ್. ಕೋರ್ಟಿನ ವಾದ ಇಂಗ್ಲಿಷಿನಲ್ಲೇ ನಡೆಯಲಿ ಎಂದು 1362ರಲ್ಲಿ ಮಾಡಿದ ಕಾನೂನನ್ನೂ ಬರೆದದ್ದು ಫ್ರೆಂಚಿನಲ್ಲಿ. ಇಂಥ ಕಾಲದ ಬರವಣಿಗೆಯಲ್ಲಿ ನೆಲದ ಪದವೂ ಬಂದ ಪದವೂ ಜೋಡಿಯಾದವು. ವಿಲ್ ನೆಲದ್ದು, ಟೆಸ್ಟಮೆಂಟ್ ಲ್ಯಾಟಿನ್ನಿನದು. ನಾವು ದಿನಾ ಹೇಳುವ ‘ಕಾಗದಪತ್ರ’ ಕೂಡ ಇಂಥ ಜೋಡಿಯೇ: ಪರ್ಶಿಯನ್ನಿನ ಕಾಗದ, ಸಂಸ್ಕೃತದ ಪತ್ರ. ಬರೆಯುವಾಗ ವಿಲ್ ಒಂದೇ ಸಾಕು; 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೂ ವಿಲ್ ಎಂದೇ ಕರೆಯುತ್ತದೆ.

*ಪ್ರಶ್ನೆ: ‘ಸೀ ದ ಟಿವಿ’ ಎಂದರೆ ಅಮೆರಿಕದಲ್ಲಿರುವ ಮೊಮ್ಮಗಳು ನಗುತ್ತಾಳೆ. ಸೀ, ಲುಕ್, ವಾಚ್, ಎಲ್ಲವೂ ನೋಡುವುದೇ ಅಲ್ಲವೇ?*
— ಗೃಹಿಣಿ, ಕುಂದಾಪುರ

ನಿಮ್ಮ ಕಡೆ ನೋಡುವುದಕ್ಕೂ ‘ಕಾಣಿ’ ಎನ್ನುವುದರಿಂದ ಇದು ಸ್ವಲ್ಪ ತೊಡಕಾಗಿರಬಹುದು. ‘ಎಷ್ಟು ನೋಡಿದರೂ ಕಾಣಲಿಲ್ಲ’ ಎಂಬ ವಾಕ್ಯ ಹಿಡಿದುಕೊಳ್ಳಿ, ಅಮ್ಮ. ಕಣ್ಣು ಹಾಯಿಸುವುದು ಲುಕ್, ಕಣ್ಣಿಗೆ ಬೀಳುವುದು ಸೀ. ನಡೆಯುತ್ತಿರುವುದನ್ನು, ಬದಲಾಗುತ್ತಿರುವುದನ್ನು ಬಿಡದೆ ಗಮನಿಸುವುದು ವಾಚ್. ಆದ್ದರಿಂದ ಟಿವಿಗೂ ಕ್ರಿಕೆಟ್ಟಿಗೂ ವಾಚ್. ಥಿಯೇಟರಿನ ಸಿನಿಮಾಕ್ಕೆ ಸೀ ಎಂದರೂ ನಡೆಯುತ್ತದೆ. ಮೊಮ್ಮಗಳು ಹೊಸ ಫ್ರಾಕ್ ತೋರಿಸುವಾಗ ‘ಲುಕ್ ಅಟ್ ಮಿ’ ಅನ್ನುತ್ತಾಳೆ, ಜೋಕಾಲಿ ಹತ್ತಿದಾಗ ‘ವಾಚ್ ಮಿ’ ಅನ್ನುತ್ತಾಳೆ. ಲುಕ್ ಬಂದಲ್ಲಿ ‘ಅಟ್’ ಬಿಡಬೇಡಿ.