ಕರೆಂಟ್ ಹೋದ ರಾತ್ರಿ ಸಿಪ್ಯಾಪ್

ಪ್ರಶ್ನೆ: ಡಾಕ್ಟರೇ, ಅಪ್ಪನಿಗೆ 67 ವರ್ಷ. ಸಾಗರದಿಂದ ಒಳಗೆ ಒಂದು ಹಳ್ಳಿಯಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ವಿಪರೀತ ಗೊರಕೆ, ಹಗಲೆಲ್ಲ ತೂಕಡಿಕೆ ಅಂತ ನಿದ್ರೆಯ ಪರೀಕ್ಷೆ ಮಾಡಿಸಿದಾಗ ಗಂಟೆಗೆ 38 ಸಲ ಉಸಿರಾಟಕ್ಕೆ ತಡೆಯಾಗುತ್ತಿದೆ ಎಂದು ಬಂತು. ಕಳೆದ ಚಳಿಗಾಲದಿಂದ ಸಿಪ್ಯಾಪ್ ಹಾಕಿಕೊಂಡೇ ಮಲಗುತ್ತಾರೆ, ಆಳೇ ಬೇರೆಯಾಗಿದ್ದಾರೆ. ಈಗ ಮಳೆ ಹಿಡಿದಿದೆ. ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ಮರುದಿನವೋ ಅದರ ಮರುದಿನವೋ. ಮನೆಯಲ್ಲಿ 150 ಎಎಚ್ ಬ್ಯಾಟರಿಯ ಹಳೆಯ ಇನ್ವರ್ಟರ್ ಇದೆ. ಮೆಷಿನ್ನಿನ ಅಡಾಪ್ಟರ್ ಮೇಲೆ 90 ವ್ಯಾಟ್ ಎಂದು ಬರೆದಿದೆ. ಅಂಗಡಿಯವರು, ‘ಇದು ತಡೆಯೋದಿಲ್ಲ, ಎರಡು ಬ್ಯಾಟರಿಯ ದೊಡ್ಡದು ಹಾಕಿಸಿ’ ಎನ್ನುತ್ತಾರೆ. ನಡುರಾತ್ರಿ ಮೆಷಿನ್ ನಿಂತು ಅಪ್ಪನ ಉಸಿರೇ ಕಟ್ಟಿಬಿಟ್ಟರೆ ಎಂಬ ಹೆದರಿಕೆಗೆ ಅಮ್ಮ ಸರಿಯಾಗಿ ನಿದ್ದೆಯನ್ನೇ ಮಾಡುತ್ತಿಲ್ಲ.
- ಮಗಳು, ಬೆಂಗಳೂರು

ಉತ್ತರ: ಮೊದಲು ಅಮ್ಮನ ಭಯದ ಮಾತು. ಸಿಪ್ಯಾಪ್ ಮಾಸ್ಕಿನ ಮುಂಭಾಗದಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಮೆಷಿನ್ ಗಾಳಿ ತಳ್ಳುತ್ತಿರುವಷ್ಟು ಹೊತ್ತು ಬಿಟ್ಟ ಉಸಿರು ಅಲ್ಲಿಂದ ಹೊರಗೆ ಹೋಗುತ್ತದೆ. ಮೆಷಿನ್ ನಿಂತರೆ ಆ ತೂತುಗಳು ಸಾಲುವುದಿಲ್ಲ, ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುವಂತಾಗುತ್ತದೆ. ಆದರೆ ಮೂಗಿಗಷ್ಟೇ ಕೂರುವ ಮಾಸ್ಕ್ ಆದರೆ ಬಾಯಿ ತೆರೆದೇ ಇರುತ್ತದೆ. ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಇಂಥ ಹೊತ್ತಿಗೆಂದೇ ಒಂದು ಕವಾಟ ಇಟ್ಟಿರುತ್ತಾರೆ. ಒತ್ತಡ ನಿಂತ ಕೂಡಲೇ ಅದು ತೆರೆದುಕೊಂಡು ಕೋಣೆಯ ಗಾಳಿ ಒಳಗೆ ಬರುತ್ತದೆ. ಸಾಮಾನ್ಯವಾಗಿ ಸೆಕೆಯಾಗಿ, ಉಸಿರು ಬಿಗಿದಂತಾಗಿ ಎಚ್ಚರವೂ ಆಗುತ್ತದೆ. ಆಗ ಮಾಸ್ಕ್ ತೆಗೆದಿಟ್ಟರೆ ಆಯಿತು. ಅಪ್ಪ ಕಣ್ಣು ಮುಚ್ಚಿಕೊಂಡು, ಒಂದೇ ಕೈಯಲ್ಲಿ ಮಾಸ್ಕ್ ಬಿಚ್ಚಬಲ್ಲರೇ ಎಂದು ಒಮ್ಮೆ ಹಗಲಿನಲ್ಲಿ ಮಾಡಿಸಿ ನೋಡಿ. ನಿದ್ದೆ ಮಾತ್ರೆಯೋ ರಾತ್ರಿ ಒಂದು ಪೆಗ್ಗೋ ಅಭ್ಯಾಸವಿದ್ದರೆ ಮಾತು ಬೇರೆ, ಎಚ್ಚರವಾಗುವ ಶಕ್ತಿಯನ್ನೇ ಅವು ಮಂಕು ಮಾಡುತ್ತವೆ.

ಮೆಷಿನ್ ಇಲ್ಲದ ರಾತ್ರಿ ಎಂದರೆ ಅಪ್ಪ ಕಳೆದ ಚಳಿಗಾಲಕ್ಕೆ ಮುಂಚೆ ವರ್ಷಗಟ್ಟಲೆ ಮಲಗಿದ ಹಾಗೆಯೇ ಮಲಗುವ ರಾತ್ರಿ. ಗಂಟೆಗೆ 30ಕ್ಕಿಂತ ಹೆಚ್ಚು ಎಂದರೆ ತೀವ್ರ ಹಂತ, ಸುಮ್ಮನೆ ಬಿಡುವಂಥದ್ದಲ್ಲ, ನಿಜ. ಆದರೂ ಬೇರೆ ದೊಡ್ಡ ಕಾಯಿಲೆ ಇಲ್ಲದವರಿಗೆ ಒಂದು ರಾತ್ರಿ ತಪ್ಪಿದ್ದರಿಂದ ಪ್ರಾಣಕ್ಕೆ ಬರುವುದು ಅಪರೂಪ. ನನಗೆ ಚಿಂತೆ ಇರುವುದು ಮರುದಿನದ್ದು: ತೂಕಡಿಕೆಯಲ್ಲಿ ಸ್ಕೂಟರ್ ಹತ್ತುವುದು, ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್ ಹಿಡಿಯುವುದು. ಅವೆರಡೂ ಅಂದು ಬೇಡ.

ಇನ್ನು ಕರೆಂಟಿನ ಲೆಕ್ಕ. ಅಂಗಡಿಯವರು ಎಡವಿದ್ದು, ಅಥವಾ ಬೇಕೆಂದೇ ಎಡವಿದ್ದು, ಇಲ್ಲೇ. ಅಡಾಪ್ಟರಿನ ಮೇಲಿನ 90 ವ್ಯಾಟ್ ಅದು ಗರಿಷ್ಠ ಕೊಡಬಲ್ಲ ಶಕ್ತಿ. ಮೆಷಿನ್ ಅಷ್ಟನ್ನೂ ಸದಾ ಎಳೆಯುತ್ತದೆ ಎಂದಲ್ಲ. ಸಾಧಾರಣ ಒತ್ತಡದಲ್ಲಿ ಬರೀ ಗಾಳಿ ಊದಲು ಅದಕ್ಕೆ ಬೇಕಾಗುವುದು 5ರಿಂದ 10 ವ್ಯಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. ಕರೆಂಟ್ ತಿನ್ನುವುದು ನೀರು ಕಾಯಿಸುವ ಹ್ಯುಮಿಡಿಫೈಯರ್ ಮತ್ತು ಬಿಸಿಯಾಗುವ ಪೈಪು. ಅವೆರಡೂ ಚಾಲೂ ಇದ್ದರೆ ಸರಾಸರಿ 40–50 ವ್ಯಾಟಿಗೆ ಹೋಗುತ್ತದೆ. ಎಂಟು ಗಂಟೆಯ ನಿದ್ದೆಗೆ ಒಂದು ಕಡೆ 80 ವ್ಯಾಟ್-ಅವರ್, ಇನ್ನೊಂದು ಕಡೆ 400.

ನಿಮ್ಮ 12 ವೋಲ್ಟಿನ, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ. ಹಳೆಯದು ಎನ್ನುತ್ತೀರಿ, ಅರ್ಧ ಹಿಡಿಯೋಣ: 900. ಏನೂ ಕೆಲಸವಿಲ್ಲದೆ ಆನ್ ಆಗಿ ಕೂತರೂ ಇನ್ವರ್ಟರ್ ತಾನೇ 10–20 ವ್ಯಾಟ್ ನುಂಗುತ್ತದೆ. ಅದನ್ನೂ ಸೇರಿಸಿದರೆ ಗಂಟೆಗೆ 30, ರಾತ್ರಿಗೆ 240. ಬಿಸಿ ಮಾಡುವುದನ್ನು ನಿಲ್ಲಿಸಿ, ಬೇರೇನೂ ಹಾಕದಿದ್ದರೆ ಆ ಹಳೆಯ ಬ್ಯಾಟರಿಯೇ ಮೂರು ರಾತ್ರಿ ದಾಟಿಸಬೇಕು. ಕೆಡಿಸುವುದು ಫ್ಯಾನು. ಹಳೆಯ ಸೀಲಿಂಗ್ ಫ್ಯಾನ್ 70 ವ್ಯಾಟಿನ ಆಸುಪಾಸು ಎಳೆಯುತ್ತದೆ, ಅಂದರೆ ರಾತ್ರಿಗೆ 560. ಮಳೆಗಾಲದ ಸಾಗರದಲ್ಲಿ ಸೆಕೆಗೆ ಯಾರೂ ಫ್ಯಾನ್ ಹಾಕುವುದಿಲ್ಲ, ಸೊಳ್ಳೆಗೆ ಹಾಕುತ್ತಾರೆ ಎಂದು ನನಗೆ ಗೊತ್ತು. ಎರಡನೇ ಬ್ಯಾಟರಿಗಿಂತ ಒಂದು ಸೊಳ್ಳೆ ಪರದೆ ಅಗ್ಗ.

ಹ್ಯುಮಿಡಿಫೈಯರ್ ನಿಲ್ಲಿಸಿದರೆ ಮೂಗು ಒಣಗುವುದಿಲ್ಲವೇ ಎಂದು ಕೇಳಬಹುದು. ಚಳಿಗಾಲದಲ್ಲಿ ಒಣಗೀತು. ಬಟ್ಟೆ ನಾಲ್ಕು ದಿನವಾದರೂ ಒಣಗದ ಜುಲೈ ತಿಂಗಳಿನಲ್ಲಿ ಮಲೆನಾಡಿನ ಗಾಳಿಗೆ ಮೆಷಿನ್ ಇನ್ನಷ್ಟು ತೇವ ಸೇರಿಸುವ ಅಗತ್ಯ ಹೆಚ್ಚಿನವರಿಗೆ ಬೀಳುವುದಿಲ್ಲ. ಒಂದು ಎಚ್ಚರಿಕೆ: ನೀರು ಚೆಲ್ಲಿದ ಮಾತ್ರಕ್ಕೆ ಅಡಿಯ ತಟ್ಟೆ ಕಾಯುವುದು ನಿಲ್ಲುತ್ತದೆ ಎಂದುಕೊಳ್ಳಬೇಡಿ. ಮೆನುವಿಗೆ ಹೋಗಿ ತೇವ, ಪೈಪಿನ ಬಿಸಿ ಎರಡನ್ನೂ ಆಫ್ ಮಾಡಬೇಕು. ಮುಂದಿನ ಸಲ ಊರಿಗೆ ಹೋದಾಗ ಅಮ್ಮನಿಗೆ ಕಲಿಸಿಬಿಡಿ. ಇಂಥವನ್ನು ಅಪ್ಪಂದಿರಿಗಿಂತ ಅಮ್ಮಂದಿರು ನೆನಪಿಟ್ಟುಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಆದರೆ ಬ್ಯಾಟರಿ ಉಳಿಸಲೆಂದು ಗಾಳಿಯ ಒತ್ತಡವನ್ನು ಮಾತ್ರ ಇಳಿಸಬಾರದು. ಅದು ಔಷಧದ ಪ್ರಮಾಣ.

ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್‌ನದೋ ಸೈನ್ ವೇವ್‌ನದೋ ನೋಡಿ. ಕರೆಂಟ್ ಹೋದಾಗ ಫ್ಯಾನ್ ಗುಂಯ್‌ಗುಟ್ಟುತ್ತದೆ ಎಂದರೆ ಬಹುಶಃ ಸ್ಕ್ವೇರ್ ವೇವ್. ಸಿಪ್ಯಾಪ್‌ಗೆ ಶುದ್ಧ ಸೈನ್ ವೇವ್ ಒಳ್ಳೆಯದು. ಹಣ ಹಾಕುವುದಾದರೆ ಇದಕ್ಕೆ ಹಾಕಿ. ಹಲವು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಎಂಬ ಸ್ವಿಚ್ ಇರುತ್ತದೆ, ಅದರಲ್ಲಿಟ್ಟರೆ ಕರೆಂಟ್ ಹೋದದ್ದು ಮೆಷಿನ್ನಿಗೆ ಗೊತ್ತೇ ಆಗದಷ್ಟು ಬೇಗ ಬದಲಾಗುತ್ತದೆ.

ನನ್ನನ್ನು ಕೇಳಿದರೆ ಮನೆಯ ಇನ್ವರ್ಟರಿನ ಹಂಗೇ ಇಲ್ಲದ ದಾರಿ ಇನ್ನೂ ಚೆನ್ನ. ಸಿಪ್ಯಾಪ್ ಒಳಗೆ ಓಡುವುದು 12 ಅಥವಾ 24 ವೋಲ್ಟ್ ಡಿಸಿ ಮೇಲೆ. ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರ್ 230 ಮಾಡುತ್ತದೆ, ಅಡಾಪ್ಟರ್ ಅದನ್ನು ಮತ್ತೆ 24ಕ್ಕೆ ಇಳಿಸುತ್ತದೆ. ಈ ಹತ್ತಿ ಇಳಿಯುವುದರಲ್ಲೇ ಒಂದಷ್ಟು ಸೋರಿಹೋಗುತ್ತದೆ. ಮೆಷಿನ್ ಕಂಪನಿಯದೇ ಡಿಸಿ ಕನ್ವರ್ಟರ್ ತರಿಸಿ, 300 ವ್ಯಾಟ್-ಅವರ್‌ನ ಸಣ್ಣ ಲಿಥಿಯಂ ಪವರ್ ಸ್ಟೇಷನ್ನಿಗೆ ಸಿಕ್ಕಿಸಿದರೆ, ಬಿಸಿ ಆಫ್ ಇದ್ದಾಗ ಎರಡು ರಾತ್ರಿ ಆರಾಮವಾಗಿ ಬರುತ್ತದೆ. ಮೂರನೆಯ ದಿನವೂ ಲೈನ್ ಸರಿಯಾಗದಿದ್ದರೆ ಕೈಚೀಲದಲ್ಲಿ ಹಿಡಿದುಕೊಂಡು ಪೇಟೆಗೆ ಹೋಗಿ ಚಾರ್ಜ್ ಮಾಡಿಸಿಕೊಂಡು ಬರಬಹುದು. ಊರಿನ ಎಲೆಕ್ಟ್ರೀಷಿಯನ್ ಕೈಯಲ್ಲಿ ವೈರು ಕತ್ತರಿಸಿ ಜೋಡಿಸುವ ಸಾಹಸ ಮಾತ್ರ ಬೇಡ, ಪ್ಲಸ್ಸು ಮೈನಸ್ಸು ತಿರುವಾದರೆ ಮೆಷಿನ್ನೇ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲೂ ಈ ಡಬ್ಬಿ ಉಪಯೋಗಕ್ಕೆ ಬರುತ್ತದೆ: ಸಿಡಿಲು ಶುರುವಾದ ಕೂಡಲೇ ಗೋಡೆಯ ಪ್ಲಗ್ ಕಿತ್ತು ಬ್ಯಾಟರಿಯ ಮೇಲೆ ಮಲಗಬಹುದು.

ಯಾವುದನ್ನೇ ಮಾಡಿ, ನನ್ನ ಲೆಕ್ಕ ನಂಬಿ ಕೂರಬೇಡಿ. ಕರೆಂಟ್ ಇರುವ ಒಂದು ರಾತ್ರಿ ನೀವೇ ಮೇನ್ ಸ್ವಿಚ್ ಆಫ್ ಮಾಡಿ ಅಪ್ಪನನ್ನು ಮಲಗಿಸಿ. ಬೆಳಗಿನವರೆಗೆ ಎಳೆಯಿತೋ ಇಲ್ಲವೋ ಗೊತ್ತಾಗುತ್ತದೆ.

ಎಲ್ಲವೂ ಕೈಕೊಟ್ಟ ರಾತ್ರಿ ಅಪ್ಪ ಅಂಗಾತ ಮಲಗದೆ ಮಗ್ಗುಲಾಗಿ ಮಲಗಲಿ. ತಲೆಗೆ ಇನ್ನೊಂದು ದಿಂಬು ಕೊಟ್ಟರೆ ಕತ್ತು ಬಾಗಿ ಕೆಲಸ ಕೆಡುತ್ತದೆ, ಬೆನ್ನಿನಿಂದಲೇ ಏರಿಸಬೇಕು. ಆರಾಮ ಕುರ್ಚಿಯೂ ಆದೀತು. ಮಂಪರು ತರುವ ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ ಅಂದು ಬೇಡ.

ಪ್ರಶ್ನೆ: ನಮ್ಮ ಅತ್ತೆಗೆ ಶ್ವಾಸಕೋಶದ ಹಳೆಯ ಕಾಯಿಲೆ. ರಾತ್ರಿ ಬೈಪ್ಯಾಪ್ ಜೊತೆಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಕೂಡ ಇದೆ. ಇನ್ವರ್ಟರ್ ಸಾಕೇ?
- ಹೆಸರು ಬೇಡ, ದಾವಣಗೆರೆ

ಉತ್ತರ: ಸಾಲದು. ಮೇಲಿನ ಸಮಾಧಾನದ ಮಾತುಗಳು ನಿಮಗೆ ಅನ್ವಯಿಸುವುದಿಲ್ಲ. ಇಂಥವರಲ್ಲಿ ಬೈಪ್ಯಾಪ್ ನಿಂತರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗಬಹುದು, ಅದು ಎಬ್ಬಿಸುವ ಬದಲು ಮಂಪರು ಹಿಡಿಸುತ್ತದೆ. ಐದು ಲೀಟರಿನ ಕಾನ್ಸಂಟ್ರೇಟರ್ 300–400 ವ್ಯಾಟ್ ಎಳೆಯುತ್ತದೆ, ಸಾಮಾನ್ಯ ಇನ್ವರ್ಟರ್ ಬ್ಯಾಟರಿ ಎರಡು ಮೂರು ಗಂಟೆಯಲ್ಲಿ ಮಲಗಿಬಿಡುತ್ತದೆ. ಬೈಪ್ಯಾಪ್‌ಗೆ ಪ್ರತ್ಯೇಕ ಬ್ಯಾಟರಿ, ಆಕ್ಸಿಜನ್‌ಗೆ ತುಂಬಿದ ಸಿಲಿಂಡರ್ ಮನೆಯಲ್ಲಿ ಇರಲೇಬೇಕು. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ. ಎಷ್ಟು ಲೀಟರ್ ಎಂಬುದನ್ನು ನಿಮ್ಮ ವೈದ್ಯರು ಬರೆದಷ್ಟೇ ಇಡಿ, ಹೆಚ್ಚು ಕೊಟ್ಟರೆ ಇಂಥ ರೋಗಿಗಳಿಗೆ ಅಪಾಯ. ಕರೆಂಟ್ ಹೋದ ಕೂಡಲೇ ಕೈ ಹೋಗುವುದು ಮೇಣದಬತ್ತಿಗೆ. ಆಕ್ಸಿಜನ್ ಇರುವ ಕೋಣೆಯಲ್ಲಿ ಬತ್ತಿ, ದೀಪ, ಬೀಡಿ ಯಾವುದೂ ಕೂಡದು. ಟಾರ್ಚ್ ಒಂದನ್ನು ಮಂಚದ ಬಳಿಯೇ ಇಟ್ಟಿರಿ. ಜನರೇಟರ್ ಇದ್ದರೆ ಅದು ಕಿಟಕಿ, ಬಾಗಿಲಿನಿಂದ ದೂರ, ಬಯಲಿನಲ್ಲೇ ಇರಬೇಕು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಅತ್ತೆಯವರು ಕರೆದರೆ ಸರಿಯಾಗಿ ಎಚ್ಚರಗೊಳ್ಳದಿದ್ದರೆ, ಮಾತು ತೊದಲಿದರೆ, ತುಟಿ ನೀಲಿಯಾದರೆ ಬೆಳಗಿನವರೆಗೆ ಕಾಯದೆ 108ಕ್ಕೆ ಫೋನ್ ಮಾಡಿ. ಲೈನಿನ ದೂರಿಗೆ 1912, ಆದರೆ ಅದು ಎರಡನೆಯ ಫೋನ್.

ಪ್ರಶ್ನೆ: ಮಸ್ಕತ್‌ನಲ್ಲಿರುವ ಮಗನ ಮನೆಗೆ ಹೊರಟಿದ್ದೇನೆ. ಸಿಪ್ಯಾಪ್ ಬ್ಯಾಟರಿಯನ್ನು ವಿಮಾನದಲ್ಲಿ ಬಿಡುತ್ತಾರೆಯೇ?
- ಹುಬ್ಬಳ್ಳಿ

ಉತ್ತರ: 100 ವ್ಯಾಟ್-ಅವರ್‌ವರೆಗಿನ ಲಿಥಿಯಂ ಬ್ಯಾಟರಿಗೆ ಅನುಮತಿ ಬೇಡ, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡದನ್ನು ಬಿಟ್ಟೇ ಹೋಗಿ. ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಮೆಷಿನ್ನನ್ನೂ ಜೊತೆಯಲ್ಲೇ ಒಯ್ಯಿರಿ, ವೈದ್ಯರ ಒಂದು ಚೀಟಿ ಇಟ್ಟುಕೊಳ್ಳಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದ್ದರೆ ಅಲ್ಲಿಯೂ ನಡೆಯುತ್ತದೆ. ಅಲ್ಲಿನ ಸಾಕೆಟ್ಟಿಗೆ ಚಪ್ಪಟೆಯಾದ ಮೂರು ಪಿನ್ನಿನ ಪ್ಲಗ್ ಬೇಕು, ಅದನ್ನು ಮಗನಿಗೆ ಹೇಳಿ ತೆಗೆದಿಡಿಸಿ. ಹೊರಡುವ ಮುಂಚೆ ನೀರಿನ ಡಬ್ಬಿ ಪೂರ್ತಿ ಖಾಲಿ ಮಾಡಿ ಒರೆಸಿಡಿ. ಚೀಲ ವಾಲಿ ನೀರು ಮೋಟಾರಿಗೆ ಇಳಿದರೆ ರಿಪೇರಿಗೆ ತುಂಬಾ ಖರ್ಚು.